ಆಳಿಲ್ಲದ ಅಂಗಡಿಯ ಕ್ಯಾಮೆರಾಗೆ ಅನುಮಾನ ಬಂದರೆ?

ಪ್ರಶ್ನೆ: ನಮ್ಮದು ಚಿಕ್ಕ ಅಂಗಡಿ. ಈಗ ಒಂದು ದೊಡ್ಡ ಕಚೇರಿ ಕಟ್ಟಡದೊಳಗೆ ಜಾಗ ಸಿಕ್ಕಿದೆ. ಹಗಲೂ ರಾತ್ರಿ ತೆರೆದಿರುವ, ಆಳಿಲ್ಲದ ಅಂಗಡಿ ಮಾಡಬೇಕು ಅಂತಿದ್ದೇನೆ. ಸುಮಾರು 150 ಬಗೆಯ ಸಾಮಾನು ಇಡುತ್ತೇನೆ. ಒಂದು ಕಂಪನಿಯವರು ಬಂದು ಡೆಮೊ ಕೊಟ್ಟರು. ಗಿರಾಕಿ ಆ್ಯಪ್ ತೋರಿಸಿ ಒಳಗೆ ಬಂದು ಬೇಕಾದ್ದು ತೆಗೆದುಕೊಂಡು ಹೋದರೆ ಸಾಕಂತೆ, ಬಿಲ್ ತಾನೇ ಆಗುತ್ತದಂತೆ. ‘ನಮ್ಮ ಎಐ 99% ಸರಿಯಾಗಿ ಗುರುತಿಸುತ್ತದೆ’ ಎಂದರು. ನನ್ನ ಮಗ ಮಾತ್ರ ‘ಇದೆಲ್ಲ ನಾಟಕ, ಹಿಂದೆ ಎಲ್ಲೋ ಜನ ಕೂತು ವಿಡಿಯೊ ನೋಡಿ ಬಿಲ್ ಹಾಕ್ತಾರೆ’ ಅನ್ನುತ್ತಾನೆ. ನನ್ನ ಚಿಂತೆ ಬೇರೆ. ಒಂದೇ ಬ್ರ್ಯಾಂಡಿನ, ನೋಡಲು ಒಂದೇ ತರಹದ ಪ್ಯಾಕೆಟ್‌ಗಳು ನಮ್ಮಲ್ಲಿ ಜಾಸ್ತಿ. ತಪ್ಪು ಬಿಲ್ ಹೋದರೆ ಗಿರಾಕಿ ಮತ್ತೆ ಬರುತ್ತಾರಾ? ಯಾರಾದರೂ ಕದ್ದರೆ? ಪ್ಯಾಕೆಟ್ ಡಿಸೈನ್ ಬದಲಾದಾಗಲೆಲ್ಲ ಆ ಕಂಪನಿಯವರ ದಾರಿ ಕಾಯಬೇಕಾ?

ಉತ್ತರ: ಆ ಡೆಮೊದಲ್ಲಿ ಎಷ್ಟು ಬಗೆಯ ಸಾಮಾನು ಇತ್ತು, ಅವನ್ನು ತಂದವರು ಯಾರು? ಬಹುಶಃ ಹದಿನೈದೋ ಇಪ್ಪತ್ತೋ ಇದ್ದವು, ತಂದವರೂ ಅವರೇ. ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿದ್ದಾಗ ನಾನೂ ಅಂಥ ಡೆಮೊ ಕೊಟ್ಟಿದ್ದೇನೆ. ಒಂದಕ್ಕೊಂದು ಹೋಲದ ಡಬ್ಬಿ, ಬಾಟಲಿ ಆರಿಸಿಕೊಂಡು ಹೋಗುವುದು ನಮ್ಮ ಅಭ್ಯಾಸ. ನೀವು ನೋಡಿದ್ದು ಯಂತ್ರದ ಒಳ್ಳೆಯ ದಿನ. ಕೆಟ್ಟ ದಿನ ಹೇಗಿರುತ್ತದೆ ಅಂತ ತಿಳಿಯದೆ ಸಹಿ ಹಾಕಬೇಡಿ.

ಮೊದಲು ಆ 99% ನೋಡೋಣ. ಕೇಳಲು ತುಂಬಾ ಚೆನ್ನಾಗಿದೆ ಅಲ್ವಾ? ಆದರೆ ಇದು ಒಂದು ಸಾಮಾನಿನ ಲೆಕ್ಕ, ಒಂದು ಬಿಲ್ಲಿನದಲ್ಲ. ಒಂದೊಂದು ಸಾಮಾನೂ 99% ಸರಿ ಅಂದುಕೊಳ್ಳಿ. ಗಿರಾಕಿ 10 ಸಾಮಾನು ತೆಗೆದುಕೊಂಡರೆ ಪೂರ್ತಿ ಬಿಲ್ ಸರಿ ಬರುವ ಸಾಧ್ಯತೆ ಸುಮಾರು 90%. ಹತ್ತು ಬಿಲ್ಲಿಗೆ ಒಂದು ತಪ್ಪು ಅಂದಂತಾಯಿತು. ನಿಮ್ಮಂಥ ಅಂಗಡಿಯಲ್ಲಿ ಜನ ಅಷ್ಟು ಕೊಳ್ಳುವುದಿಲ್ಲ, ಸರಿ. ದಿನಕ್ಕೆ 200 ಬಿಲ್, ಬಿಲ್ಲಿಗೆ 4 ಸಾಮಾನು ಅಂತ ಹಿಡಿದರೂ ದಿನಕ್ಕೆ ಏಳೆಂಟು ಬಿಲ್ ತಪ್ಪುತ್ತವೆ. ಇವುಗಳಲ್ಲಿ ಒಂದಷ್ಟು ನಿಮಗೆ ನಷ್ಟ, ಒಂದಷ್ಟು ಗಿರಾಕಿಗೆ ನಷ್ಟ. ಕಡಿಮೆ ಬಿಲ್ ಆದವರು ಸುಮ್ನೆ ಇರುತ್ತಾರೆ. ಜಾಸ್ತಿ ಬಿಲ್ ಆದವರು ಮಾತ್ರ ಫೋನ್ ಮಾಡುತ್ತಾರೆ. ದೂರು ಕಡಿಮೆ ಬಂತು ಅಂದ ಮಾತ್ರಕ್ಕೆ ಯಂತ್ರ ಸರಿಯಾಗಿದೆ ಅಂತ ಅರ್ಥವಲ್ಲ, ತಪ್ಪುಗಳು ಗಿರಾಕಿಗೆ ಲಾಭವಾಗುವ ಕಡೆಗೆ ವಾಲುತ್ತಿವೆ ಅಂತಲೂ ಇರಬಹುದು.

ಇನ್ನು ನಿಮ್ಮ ಮಗನ ಮಾತು. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಸುದ್ದಿ ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ಅಮೆಜಾನ್ ಕಂಪನಿ 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ‘ಅಮೆಜಾನ್ ಗೋ’ ಅಂಗಡಿಯನ್ನು ಎಲ್ಲರಿಗೂ ತೆರೆಯಿತು. ಚಾವಣಿಯಲ್ಲಿ ಕ್ಯಾಮೆರಾ, ಶೆಲ್ಫಿನಲ್ಲಿ ಸೆನ್ಸರ್, ಕ್ಯಾಷ್ ಕೌಂಟರ್ ಇಲ್ಲ. 2024ರಲ್ಲಿ ಅದೇ ಕಂಪನಿ ಅಮೆರಿಕದ ತನ್ನ ದೊಡ್ಡ ‘ಫ್ರೆಶ್’ ಅಂಗಡಿಗಳಿಂದ ಈ ವ್ಯವಸ್ಥೆ ತೆಗೆಯುತ್ತೇವೆ, ಸಾಮಾನು ಹಾಕುತ್ತಿದ್ದಂತೆ ಲೆಕ್ಕ ಇಡುವ ತಳ್ಳುಗಾಡಿ ಕೊಡುತ್ತೇವೆ ಎಂದಿತು. ಅದರ ಹಿಂದೆಮುಂದೆಯೇ, ಭಾರತದಲ್ಲಿ ಸುಮಾರು 1,000 ಜನ ಕೂತು ವಿಡಿಯೊ ಪರಿಶೀಲಿಸುತ್ತಿದ್ದರು ಎಂಬ ವರದಿ ಹರಡಿತು. ಆ ಜನ ಮುಖ್ಯವಾಗಿ ಯಂತ್ರಕ್ಕೆ ಕಲಿಸಲು ವಿಡಿಯೊಗಳಿಗೆ ಗುರುತು ಹಾಕುತ್ತಾರೆ, ಯಂತ್ರಕ್ಕೆ ತೀರ್ಮಾನಿಸಲಾಗದ ಸ್ವಲ್ಪ ಖರೀದಿಗಳನ್ನಷ್ಟೇ ನೋಡುತ್ತಾರೆ ಎಂದು ಕಂಪನಿ ಹೇಳಿತು.

ಎಷ್ಟು ಜನ, ಎಷ್ಟು ಬಿಲ್ ಅನ್ನುವ ಜಗಳ ಪಕ್ಕಕ್ಕಿರಲಿ. ಹಿಂದೆ ಮನುಷ್ಯರಿರುವುದು ನನ್ನ ಪ್ರಕಾರ ಅವಮಾನದ ಸಂಗತಿಯಲ್ಲ. ಯಾರೂ ಇಲ್ಲ ಎನ್ನುವ ಕಂಪನಿಯನ್ನು ಕಂಡರೆ ನನಗೆ ಹೆಚ್ಚು ಭಯ. ಯಂತ್ರಕ್ಕೆ ಅನುಮಾನ ಬರುತ್ತದೆ. ಬಂದಾಗ ಅದು ಯಾರನ್ನಾದರೂ ಕೇಳಬೇಕು. ಕೇಳದೆ ಬಿಲ್ ಹಾಕಿಬಿಟ್ಟರೆ ಆ ಅನುಮಾನದ ಖರ್ಚು ನಿಮ್ಮ ತಲೆಗೋ ಗಿರಾಕಿಯ ತಲೆಗೋ ಬೀಳುತ್ತದೆ. ಹಾಗಾಗಿ ‘ಜನ ಇದ್ದಾರಾ’ ಅಂತ ಕೇಳಬೇಡಿ. ನೂರು ಬಿಲ್ಲಿನಲ್ಲಿ ಎಷ್ಟು ಬಿಲ್ ಪರಿಶೀಲಿಸುವ ಜನರ ಕೈಗೆ ಹೋಗುತ್ತವೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅದರ ಸಂಬಳ ಯಾರ ಲೆಕ್ಕಕ್ಕೆ ಅಂತ ಕೇಳಿ.

ಅನುಮಾನ ಯಾಕೆ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಅಂಗಡಿಗೆ ಯಾವುದು ಹೊಂದುತ್ತದೆ ಎನ್ನುವುದು ಇದರ ಮೇಲೇ ನಿಂತಿದೆ.

ನೋಡಲು ಒಂದೇ ತರಹದ ಪ್ಯಾಕೆಟ್ ಎಂದಿರಿ. ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಬಾಟಲಿಗೂ ಸೋಪಿಗೂ ವ್ಯತ್ಯಾಸ ಹೇಳುವುದು ಇವತ್ತಿನ ಯಾವ ಎಐಗೂ ಕಷ್ಟವಲ್ಲ. ಒಂದೇ ಬ್ರ್ಯಾಂಡಿನ ಎರಡು ಬಗೆಯಲ್ಲಿ ಮೂಲೆಯ ಒಂದು ಪಟ್ಟಿಯ ಬಣ್ಣ ಮಾತ್ರ ಬೇರೆ ಇದ್ದರೆ, ಆ ಪಟ್ಟಿ ಕ್ಯಾಮೆರಾಗೆ ಕಾಣಲೇಬೇಕು. ಗಿರಾಕಿಯ ಹೆಬ್ಬೆರಳು ಅದರ ಮೇಲೆ ಕೂತಿತೋ, ಮುಗಿಯಿತು. ಇದಕ್ಕಿಂತ ಕಷ್ಟದ್ದು ಅಳತೆ. ಒಂದೇ ಡಿಸೈನಿನ ಚಿಕ್ಕ ಪ್ಯಾಕೆಟ್, ದೊಡ್ಡ ಪ್ಯಾಕೆಟ್. ಚಿಕ್ಕದು ಕ್ಯಾಮೆರಾಗೆ ಹತ್ತಿರ ಬಂದರೆ ದೊಡ್ಡದರಂತೆಯೇ ಕಾಣುತ್ತದೆ. ಒಂದೇ ಕ್ಯಾಮೆರಾಗೆ ದೂರ ಎಷ್ಟು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಇದನ್ನು ಬಗೆಹರಿಸಲು ಎರಡು ಮೂರು ಕಡೆಯಿಂದ ನೋಡಬೇಕು, ಇಲ್ಲವೇ ತೂಕದ ಸಹಾಯ ಪಡೆಯಬೇಕು.

ಹೊಳೆಯುವ ಕವರಿನ ಪ್ಯಾಕೆಟ್‌ಗಳದು ಇನ್ನೊಂದು ಕಥೆ. ಟ್ಯೂಬ್‌ಲೈಟಿನ ಬೆಳಕು ಬಿದ್ದ ಕಡೆ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಒಂದು ಕಡೆ ಕೆಲಸಕ್ಕೆ ಹೋಗಿದ್ದಾಗ ಸಂಜೆಯ ಬಿಲ್‌ಗಳು ಮಾತ್ರ ತಪ್ಪುತ್ತಿದ್ದವು. ಸಾಫ್ಟ್‌ವೇರನ್ನು ಎರಡು ದಿನ ಜಾಲಾಡಿದೆವು. ಕೊನೆಗೆ ನೋಡಿದರೆ ಪಶ್ಚಿಮದ ಕಿಟಕಿಯಿಂದ ಬರುವ ಬಿಸಿಲು ನೇರವಾಗಿ ಎರಡನೇ ಶೆಲ್ಫಿಗೆ ಬೀಳುತ್ತಿತ್ತು. ಒಂದು ಪರದೆ ಹಾಕಿದೆವು, ಸರಿಹೋಯಿತು. ಅವತ್ತಿನಿಂದ ಅಂಗಡಿ ನೋಡಲು ಹೋದರೆ ನಾನು ಮೊದಲು ನೋಡುವುದು ಕಿಟಕಿ.

ಇನ್ನೊಂದು ಕಾರಣ ಹೊರಗೆ ಕಾಣುವುದಿಲ್ಲ. ಯಂತ್ರಕ್ಕೆ ಕಲಿಸುವಾಗ ತೋರಿಸುವ ಚಿತ್ರ ಒಂದು ತರಹ, ಅಂಗಡಿಯಲ್ಲಿ ಕಾಣುವ ದೃಶ್ಯ ಇನ್ನೊಂದು ತರಹ. ಚೀನಾದ ಸಂಶೋಧಕರು 2019ರಲ್ಲಿ ‘ಆರ್‌ಪಿಸಿ’ ಎಂಬ ಚಿತ್ರಗಳ ಸಂಗ್ರಹ ಹೊರತಂದರು. 200 ಬಗೆಯ ಸಾಮಾನು, 83,739 ಚಿತ್ರ. ಕಲಿಕೆಗೆ ಒಂದೊಂದೇ ಸಾಮಾನನ್ನು ತಿರುಗುವ ತಟ್ಟೆಯ ಮೇಲಿಟ್ಟು ತೆಗೆದ ಚಿತ್ರ, ಪರೀಕ್ಷೆಗೆ ಕೌಂಟರಿನ ಮೇಲೆ ರಾಶಿ ಹಾಕಿದ ಸಾಮಾನಿನ ಚಿತ್ರ. ಒಂಟಿ ಚಿತ್ರಗಳನ್ನು ಮಾತ್ರ ನೋಡಿ ಕಲಿತ ಯಂತ್ರ ಪೂರ್ತಿ ಬಿಲ್ಲನ್ನು ಸರಿಯಾಗಿ ಹೇಳಿದ್ದು ಹೆಚ್ಚುಕಡಿಮೆ ಸೊನ್ನೆ ಸಲ. ಕಂಪ್ಯೂಟರಿನಲ್ಲೇ ರಾಶಿಯ ಚಿತ್ರಗಳನ್ನು ತಯಾರಿಸಿ ಕಲಿಸಿದ ಮೇಲೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಆಮೇಲೆ ಬಂದವರು ಅದನ್ನು ಬಹಳ ಮೇಲಕ್ಕೆ ಒಯ್ದರು, ತಂತ್ರಜ್ಞಾನ ನಿಂತ ನೀರಲ್ಲ. ಆದರೂ ಸ್ಟುಡಿಯೊದಲ್ಲಿ ತೆಗೆದ ಫೋಟೊದಿಂದ ಕಲಿತದ್ದು ಶೆಲ್ಫಿನ ಮುಂದೆ ನಿಂತಾಗ ತಡವರಿಸುತ್ತದೆ ಎಂಬುದು ಇವತ್ತಿಗೂ ನಿಜ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಬೆಳಕಿನಲ್ಲಿ, ನಿಮ್ಮ ಕ್ಯಾಮೆರಾದ ಎತ್ತರದಿಂದ ತೆಗೆದ ಚಿತ್ರಗಳು ಅದಕ್ಕೆ ಬೇಕೇ ಬೇಕು.

ಇಷ್ಟಾದ ಮೇಲೆ, ನಿಮ್ಮ ಮುಂದೆ ಏನೇನಿದೆ ನೋಡೋಣ.

ಆ ಕಂಪನಿ ತೋರಿಸಿದ್ದು ಈ ಪೈಕಿ ಎಲ್ಲಕ್ಕಿಂತ ಕಷ್ಟದ್ದು. ಅದರಲ್ಲಿ ಸಾಮಾನು ಗುರುತಿಸಿದರೆ ಸಾಲದು, ಯಾವ ಮನುಷ್ಯ ತೆಗೆದ ಅಂತಲೂ ತಿಳಿಯಬೇಕು. ಇಬ್ಬರು ಅಕ್ಕಪಕ್ಕ ನಿಂತು ಒಂದೇ ಶೆಲ್ಫಿಗೆ ಕೈ ಹಾಕುತ್ತಾರೆ. ಒಬ್ಬ ತೆಗೆದು ಗೆಳೆಯನ ಕೈಗೆ ಕೊಡುತ್ತಾನೆ. ಇನ್ನೊಬ್ಬ ತೆಗೆದದ್ದನ್ನು ಬೇಡವೆಂದು ಬೇರೆ ಶೆಲ್ಫಿಗೆ ತುರುಕಿ ಹೋಗುತ್ತಾನೆ. ಈ ಎಲ್ಲವನ್ನೂ ಚಾವಣಿಯ ಕ್ಯಾಮೆರಾಗಳು ಎಡೆಬಿಡದೆ ಹಿಂಬಾಲಿಸಬೇಕು. ದೊಡ್ಡ ಬಂಡವಾಳ ಇದ್ದವರಿಗೇ ಇದು ಸುಲಭವಾಗಿಲ್ಲ. ಇದೇ ಕೆಲಸಕ್ಕಿಳಿದ ಗ್ರಬ್ಯಾಂಗೊ ಎಂಬ ಅಮೆರಿಕನ್ ಕಂಪನಿ 2024ರಲ್ಲಿ ಹಣ ಸಿಗದೆ ಬಾಗಿಲು ಹಾಕಿತು. ನಿಮಗೆ ವ್ಯವಸ್ಥೆ ಹಾಕಿಕೊಟ್ಟ ಕಂಪನಿ ಮುಚ್ಚಿಹೋದರೆ ಚಾವಣಿಯ ಕ್ಯಾಮೆರಾಗಳು ಬರೀ ಅಲಂಕಾರ. ಒಪ್ಪಂದದಲ್ಲಿ ಅದಕ್ಕೇನು ಬರೆದಿದೆ ಅಂತ ನೋಡಿಕೊಳ್ಳಿ.

ಎರಡನೆಯ ದಾರಿ ಬಾಗಿಲಿರುವ ಕಪಾಟು. ಫ್ರಿಜ್ಜಿನಂತೆ ಇರುತ್ತದೆ. ಗಿರಾಕಿ ಮೊದಲು ಫೋನಿನಲ್ಲಿ ಹಣಕ್ಕೆ ಒಪ್ಪಿಗೆ ಕೊಡುತ್ತಾರೆ, ಬೀಗ ತೆರೆಯುತ್ತದೆ, ಬೇಕಾದ್ದು ತೆಗೆದು ಬಾಗಿಲು ಹಾಕುತ್ತಾರೆ. ಒಳಗಿನ ಕ್ಯಾಮೆರಾಗಳು, ತೂಕದ ಸೆನ್ಸರ್‌ಗಳು ಏನು ಕಡಿಮೆಯಾಯಿತು ಅಂತ ಲೆಕ್ಕ ಹಾಕುತ್ತವೆ. ಇದರಲ್ಲಿ ಅರ್ಧ ತಲೆನೋವು ಹುಟ್ಟುವುದೇ ಇಲ್ಲ. ಬಾಗಿಲು ತೆರೆದಿದ್ದಾಗ ಒಂದೇ ಖಾತೆ, ಒಂದೇ ಬಿಲ್. ಯಾರು ತೆಗೆದರು ಅನ್ನುವ ಪ್ರಶ್ನೆ ಬರುವುದಿಲ್ಲ. ಬೆಳಕೂ ಕಪಾಟಿನೊಳಗೇ ಇರುವುದರಿಂದ ಬೆಳಿಗ್ಗೆ ಸಂಜೆ ಒಂದೇ. ದೋಷವೂ ಇದೆ. ಜನ ಬಾಗಿಲು ತೆರೆದಿಟ್ಟುಕೊಂಡು ಯೋಚಿಸುತ್ತಾರೆ, ಹಿಂದೆ ಸಾಲು ನಿಲ್ಲುತ್ತದೆ. ಕಪಾಟಿಗೆ ಹಿಡಿಸುವುದು ಒಂದಷ್ಟು ಬಗೆ ಮಾತ್ರ.

ಈ ತೂಕದ ಸೆನ್ಸರ್ ಬಗ್ಗೆ ಒಂದು ಮಾತು. ಬರೀ ಕ್ಯಾಮೆರಾಗಿಂತ ಕ್ಯಾಮೆರಾ ಮತ್ತು ತೂಕ ಜೊತೆಗಿದ್ದರೆ ವಾಸಿ. ಎರಡೂ ತಪ್ಪುವ ಜಾಗ ಬೇರೆ ಬೇರೆ. ಬಣ್ಣದ ಪಟ್ಟಿ ತೂಕಕ್ಕೆ ಗೊತ್ತಾಗುವುದಿಲ್ಲ, ಆದರೆ ಚಿಕ್ಕದು ದೊಡ್ಡದು ಚೆನ್ನಾಗಿ ಗೊತ್ತಾಗುತ್ತದೆ. ಶೆಲ್ಫಿನ ಒಂದೊಂದು ಸಾಲಿಗೂ ಬೇರೆ ಸೆನ್ಸರ್ ಇದ್ದು, ಒಂದು ಸಾಲಿನಲ್ಲಿ ಒಂದೇ ಬಗೆ ಇಟ್ಟರೆ ಯಂತ್ರದ ಕೆಲಸ ಬಹಳ ಹಗುರ. ಇಲ್ಲಿ ಕಾಸು ಖರ್ಚಿಲ್ಲದ ಒಂದು ಉಪಾಯ ಇದೆ: ಹೋಲುವ ಪ್ಯಾಕೆಟ್‌ಗಳನ್ನು ಅಕ್ಕಪಕ್ಕ ಇಡಬೇಡಿ. ಅಂಗಡಿ ಜೋಡಿಸುವವರ ಅಭ್ಯಾಸಕ್ಕೆ ಇದು ಉಲ್ಟಾ, ಗೊತ್ತು. ಒಂದೇ ಬ್ರ್ಯಾಂಡನ್ನು ಒಟ್ಟಿಗೆ ಇಟ್ಟರೆ ಕಣ್ಣಿಗೆ ಚೆಂದ. ಆದರೆ ಹೋಲುವ ನಾಲ್ಕನ್ನು ನಾಲ್ಕು ಶೆಲ್ಫಿಗೆ ಹಂಚಿದರೆ, ಕೈ ಹೋದ ಶೆಲ್ಫ್ ಯಾವುದು ಅನ್ನುವುದೇ ಯಂತ್ರಕ್ಕೆ ದೊಡ್ಡ ಸುಳಿವು. ತೂಕದ ಸೆನ್ಸರ್ ದಿನ ಕಳೆದಂತೆ, ಬಿಸಿ ತಂಪಿಗೆ, ಅಷ್ಟಿಷ್ಟು ದಾರಿ ತಪ್ಪುತ್ತದೆ. ಆಗಾಗ ಸೊನ್ನೆಗೆ ತರಬೇಕು.

ಮೂರನೆಯದು ಆರ್‌ಎಫ್‌ಐಡಿ ಟ್ಯಾಗ್. ಪ್ರತಿ ಸಾಮಾನಿಗೂ ಒಂದು ಚಿಕ್ಕ ಚಿಪ್ ಅಂಟಿಸುವುದು. ಇದು ಕಣ್ಣಿನಿಂದ ನೋಡುವ ಕೆಲಸವೇ ಅಲ್ಲ, ರೇಡಿಯೊ ಅಲೆಯಿಂದ ಕೇಳಿ ತಿಳಿಯುವುದು. ಯುನಿಕ್ಲೊ ಬಟ್ಟೆ ಅಂಗಡಿಗಳಲ್ಲಿ ಬಟ್ಟೆಗಳನ್ನು ಒಂದು ತೊಟ್ಟಿಗೆ ಹಾಕಿದರೆ ಎಲ್ಲವೂ ಒಟ್ಟಿಗೆ ಲೆಕ್ಕಕ್ಕೆ ಬರುವುದು ಹೀಗೆಯೇ. ಹೋಲುವ ಪ್ಯಾಕೆಟ್ ಎಂಬ ಚಿಂತೆಯೇ ಇಲ್ಲ, ಒಂದೊಂದು ಚಿಪ್ಪಿಗೂ ಬೇರೆ ನಂಬರ್. ಬಟ್ಟೆಗೆ ಇದು ಹೇಳಿ ಮಾಡಿಸಿದ್ದು. ಆದರೆ ನೀರು ಈ ಅಲೆಯನ್ನು ಹೀರುತ್ತದೆ, ಲೋಹ ತಿರುಗಿಸಿ ಕಳಿಸುತ್ತದೆ. ಬಾಟಲಿ, ಲೋಹದ ಡಬ್ಬಿ, ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣ, ಇವೆಲ್ಲ ಅದಕ್ಕೆ ಕಷ್ಟ. ಖರ್ಚಿನ ಮಾತು ಬೇರೆ. ಜಪಾನಿನ ಐದು ಕನ್ವೀನಿಯನ್ಸ್ ಸ್ಟೋರ್ ಕಂಪನಿಗಳು ಅಲ್ಲಿನ ಸರ್ಕಾರದ ಜೊತೆ ಸೇರಿ 2017ರಲ್ಲಿ ಒಂದು ಗುರಿ ಇಟ್ಟುಕೊಂಡವು: 2025ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಸಾಮಾನಿಗೆ ಟ್ಯಾಗ್. ಜೊತೆಗೊಂದು ಷರತ್ತು, ಟ್ಯಾಗಿನ ಬೆಲೆ ಒಂದು ಯೆನ್‌ಗೆ ಇಳಿಯಬೇಕು. ಆ ಷರತ್ತಿನಲ್ಲೇ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅಗ್ಗದ ಪ್ಯಾಕೆಟ್‌ಗೆ ಟ್ಯಾಗ್ ಹಾಕಿದರೆ ಲಾಭ ಟ್ಯಾಗಿಗೇ ಹೋಗುತ್ತದೆ. 150 ಬಗೆಯ ಸಾಮಾನಿಗೆ ದಿನಾ ಅಂಟಿಸುತ್ತ ಕೂರುವವರು ಯಾರು ಎಂಬುದೂ ಇದೆ. ಆಳಿಲ್ಲದ ಅಂಗಡಿಗೆ ಟ್ಯಾಗ್ ಅಂಟಿಸಲು ಒಬ್ಬ ಆಳು! ಆದರೆ ಬೆಲೆ ಹೆಚ್ಚಿನ ನಾಲ್ಕೈದು ಬಗೆಗೆ, ಚಾರ್ಜರ್, ಇಯರ್‌ಫೋನ್ ಅಂಥವಕ್ಕೆ, ಖಂಡಿತ ಯೋಚಿಸಬಹುದು.

ನಾಲ್ಕನೆಯದು ನನಗೆ ಇಷ್ಟವಾದದ್ದು, ಅದಕ್ಕೇ ಸ್ವಲ್ಪ ಹೆಚ್ಚು ಹೇಳುತ್ತೇನೆ. ಗಿರಾಕಿ ತೆಗೆದ ಸಾಮಾನನ್ನು ಒಂದು ತಟ್ಟೆಯ ಮೇಲೆ ಇಡುತ್ತಾರೆ, ಮೇಲಿನ ಕ್ಯಾಮೆರಾ ಎಲ್ಲವನ್ನೂ ಒಮ್ಮೆಗೇ ಗುರುತಿಸಿ ಪರದೆಯ ಮೇಲೆ ತೋರಿಸುತ್ತದೆ, ಗಿರಾಕಿ ಒಪ್ಪಿ ಹಣ ಕೊಡುತ್ತಾರೆ. ಜಪಾನಿನ ‘ಬ್ರೈನ್’ ಎಂಬ ಚಿಕ್ಕ ಕಂಪನಿ ಬೇಕರಿಗಳಿಗಾಗಿ ಮಾಡಿದ ‘ಬೇಕರಿಸ್ಕ್ಯಾನ್’ 2013ರಿಂದ ಮಾರುಕಟ್ಟೆಯಲ್ಲಿದೆ. ಕವರಿಲ್ಲದ, ಬಾರ್‌ಕೋಡಿಲ್ಲದ ಬ್ರೆಡ್ಡುಗಳು, ಒಂದರಂತೆ ಒಂದು ಇರುವುದಿಲ್ಲ. ಅದನ್ನು ತಯಾರಿಸಲು ಅವರಿಗೆ ವರ್ಷಗಳೇ ಹಿಡಿದವು. ನೆರಳಿನ ಕಾಟ ತಪ್ಪಿಸಲು ತಟ್ಟೆಯ ಕೆಳಗಿನಿಂದ ಬೆಳಕು ಕೊಟ್ಟರು. ನನಗೆ ಹಿಡಿಸಿದ್ದು ಅದರ ನಡತೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವುದಿಲ್ಲ. ಅನುಮಾನ ಬಂದ ಬ್ರೆಡ್ಡಿನ ಸುತ್ತ ಬೇರೆ ಬಣ್ಣದ ಗೆರೆ ಹಾಕಿ ಕೌಂಟರಿನಲ್ಲಿ ನಿಂತವರನ್ನೇ ಕೇಳುತ್ತದೆ. ಅವರು ಬೆರಳಿಟ್ಟು ತಿದ್ದುತ್ತಾರೆ, ಅದು ಕಲಿಯುತ್ತದೆ.

ಇದೇ ನಡತೆಯನ್ನು ಆಳಿಲ್ಲದ ಅಂಗಡಿಗೂ ತರಬಹುದು. ಅನುಮಾನ ಬಂದಾಗ ಯಂತ್ರ ಗಿರಾಕಿಯನ್ನೇ ಕೇಳಲಿ: ‘ಇದು ಕೆಂಪು ಪ್ಯಾಕೆಟ್ಟೋ ಕಿತ್ತಳೆಯೋ? ಬಾರ್‌ಕೋಡ್ ತೋರಿಸಿ.’ ಬಾರ್‌ಕೋಡ್ ಹಳೆಯ ಕಾಲದ್ದು ಅಂತ ಕೆಲವರಿಗೆ ತಾತ್ಸಾರ. ಅಂಗಡಿಯ ಕೌಂಟರಿನಲ್ಲಿ ಮೊದಲ ಬಾರ್‌ಕೋಡ್ ಸ್ಕ್ಯಾನ್ ಆದದ್ದು 1974ರಲ್ಲಿ, ಅಮೆರಿಕದ ಒಹಾಯೊ ರಾಜ್ಯದಲ್ಲಿ. ಇವತ್ತಿಗೂ ಅಷ್ಟು ಅಗ್ಗವಾಗಿ, ಅಷ್ಟು ಖಚಿತವಾಗಿ ‘ಇದು ಇದೇ’ ಅನ್ನುವ ಇನ್ನೊಂದು ವಸ್ತು ಬಂದಿಲ್ಲ. 13 ಅಂಕಿಯ ಬಾರ್‌ಕೋಡಿನ ಕೊನೆಯ ಅಂಕಿ ಇರುವುದೇ ಉಳಿದ ಹನ್ನೆರಡು ಸರಿ ಓದಿದೆಯಾ ಅಂತ ಪರೀಕ್ಷಿಸಲು. ತನ್ನ ತಪ್ಪನ್ನು ತಾನೇ ಹಿಡಿಯುವ ಬುದ್ಧಿ ಅದಕ್ಕಿದೆ.

ಕಳ್ಳತನಕ್ಕೆ ಬರೋಣ. ಆಳಿಲ್ಲದ ಅಂಗಡಿ ಅಂದರೆ ಲೂಟಿ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ, ಒಳಗೆ ಬರಲು ಗುರುತು ಕೊಡಬೇಕಾದ ಕಡೆ, ಅದೂ ಒಂದೇ ಕಟ್ಟಡದಲ್ಲಿ ದಿನಾ ಮುಖ ನೋಡುವ ಜನರ ನಡುವೆ, ಬೇಕಂತಲೇ ಕದಿಯುವವರು ಕಡಿಮೆ. ನಷ್ಟ ಬರುವುದು ಹೆಚ್ಚಾಗಿ ಬೇರೆ ಬಾಗಿಲಿನಿಂದ. ಯಂತ್ರ ಎರಡನ್ನು ಒಂದು ಅಂತ ಎಣಿಸಿತು. ಸ್ಟಾಕ್ ತುಂಬಿದವನು ತಪ್ಪು ಸಾಲಿನಲ್ಲಿ ಇಟ್ಟ. ಅವಧಿ ಮುಗಿದದ್ದನ್ನು ತೆಗೆದು ಲೆಕ್ಕಕ್ಕೆ ಬರೆಯಲಿಲ್ಲ. ತಿಂಗಳ ಕೊನೆಗೆ ಎಲ್ಲವೂ ‘ಕಳ್ಳತನ’ ಎಂಬ ಒಂದೇ ಖಾತೆಗೆ ಬೀಳುತ್ತದೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ನೀವೇ ಕೈಯಾರೆ ಎಣಿಸಿ. ಯಾವ ಸಾಮಾನಿನಲ್ಲಿ ವ್ಯತ್ಯಾಸ ಬರುತ್ತದೆ ಅಂತ ನೋಡಿದರೆ ಕಾರಣ ತಾನಾಗಿ ಕಾಣುತ್ತದೆ. ಒಂದು ಬಗೆ ಕಡಿಮೆ ಬಂದು, ಅದನ್ನೇ ಹೋಲುವ ಇನ್ನೊಂದು ಬಗೆ ಅಷ್ಟೇ ಜಾಸ್ತಿ ಬಂದರೆ ಅದು ಕಳ್ಳನ ಕೆಲಸವಲ್ಲ, ಕ್ಯಾಮೆರಾದ್ದು.

ಗಿರಾಕಿ ಮತ್ತೆ ಬರುತ್ತಾರಾ ಎಂದಿರಿ. ತಪ್ಪಾಗಿದ್ದಕ್ಕಿಂತ ತಪ್ಪು ಸರಿಯಾಗಲು ಹಿಡಿದ ಸಮಯಕ್ಕೆ ಜನ ಸಿಟ್ಟಾಗುತ್ತಾರೆ. ಬಿಲ್ ಹೊರಗೆ ಹೋದ ಅರ್ಧ ಗಂಟೆಗೆ ಫೋನಿಗೆ ಬಂದರೆ ತಾವೇನು ತೆಗೆದೆವು ಅಂತ ಅವರಿಗೇ ನೆನಪಿರುವುದಿಲ್ಲ. ಬಾಗಿಲಲ್ಲೇ ತೋರಿಸಿ. ‘ಇದು ನನ್ನದಲ್ಲ’ ಅನ್ನುವ ಒಂದು ಗುಂಡಿ ಇರಲಿ, ಒತ್ತಿದ ತಕ್ಷಣ ಹಣ ವಾಪಸ್ ಹೋಗಲಿ. ಸಣ್ಣ ಮೊತ್ತಕ್ಕೆ ವಿಚಾರಣೆ ಮಾಡಬೇಡಿ. ಪದೇ ಪದೇ ಒತ್ತುವ ಖಾತೆ ಇದ್ದರೆ ಅದನ್ನು ಮಾತ್ರ ನೋಡಿ.

ಕ್ಯಾಮೆರಾ ಗಿರಾಕಿಯ ಮುಖವನ್ನು ಗುರುತಿಟ್ಟುಕೊಳ್ಳುತ್ತದಾ ಅಂತಲೂ ಕೇಳಿ. ಈ ಕೆಲಸಕ್ಕೆ ಮುಖ ಬೇಡ. ತಲೆ, ಭುಜ, ಕೈ ಎಲ್ಲಿವೆ ಅಂತ ತಿಳಿದರೆ ಸಾಕು. ಮುಖ ಉಳಿಸಿಕೊಳ್ಳುವ ವ್ಯವಸ್ಥೆಯಾದರೆ ಬೇಡವೇ ಬೇಡ ಅನ್ನುತ್ತೇನೆ. ವಿಡಿಯೊ ಎಷ್ಟು ದಿನ ಇಡುತ್ತಾರೆ, ಯಾರು ನೋಡುತ್ತಾರೆ ಅನ್ನುವುದು ಬಾಗಿಲ ಮೇಲೆ ಬರೆದಿರಲಿ.

ಪ್ಯಾಕೆಟ್ ಬದಲಾದಾಗ ಏನಾಗುತ್ತದೆ ಅನ್ನುವುದು ಅವರು ಯಾವ ಬಗೆಯ ಎಐ ಬಳಸುತ್ತಾರೆ ಅನ್ನುವುದರ ಮೇಲಿದೆ. ಹಳೆಯ ವಿಧಾನದಲ್ಲಿ 150 ಹೆಸರುಗಳ ಪಟ್ಟಿಯನ್ನೇ ಯಂತ್ರಕ್ಕೆ ಉರು ಹೊಡೆಸುತ್ತಾರೆ. 151ನೆಯದು ಬಂದರೆ ಪಾಠ ಮತ್ತೆ ಮೊದಲಿಂದ. ಹೊಸ ವಿಧಾನದಲ್ಲಿ ಯಂತ್ರ ಹೆಸರು ಕಲಿಯುವುದಿಲ್ಲ, ಹೋಲಿಸುವುದನ್ನು ಕಲಿಯುತ್ತದೆ. ಪ್ರತಿ ಚಿತ್ರವನ್ನು ಒಂದಷ್ಟು ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ, ಬೆರಳಚ್ಚಿನ ಹಾಗೆ. ಕ್ಯಾಮೆರಾ ಕಂಡದ್ದರ ಬೆರಳಚ್ಚು ಪಟ್ಟಿಯಲ್ಲಿರುವ ಯಾವುದಕ್ಕೆ ಹತ್ತಿರ ಅಂತ ಹುಡುಕುತ್ತದೆ. ಹೊಸ ಪ್ಯಾಕೆಟ್ ಬಂದರೆ ನೀವೇ ನಾಲ್ಕಾರು ಕಡೆಯಿಂದ ಫೋಟೊ ತೆಗೆದು ಸೇರಿಸಿದರೆ ಆಯಿತು. ಯಾವುದಕ್ಕೂ ಹತ್ತಿರ ಇಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನಲೂ ಅದಕ್ಕೆ ಸಾಧ್ಯ. ಹಳೆಯ ವಿಧಾನದ್ದು ಗೊತ್ತಿಲ್ಲದ್ದಕ್ಕೂ ಗೊತ್ತಿರುವ ಒಂದು ಹೆಸರು ಅಂಟಿಸಿಬಿಡುತ್ತದೆ. ಹಳೆಯ ಡಿಸೈನಿನ ಸ್ಟಾಕ್ ಮುಗಿಯುವವರೆಗೆ ಎರಡೂ ಚಿತ್ರ ಪಟ್ಟಿಯಲ್ಲಿರಲಿ. ಇದನ್ನು ಬಹಳ ಜನ ಮರೆಯುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಚಾವಣಿ ಕ್ಯಾಮೆರಾದ ದೊಡ್ಡ ವ್ಯವಸ್ಥೆಗೆ ಈಗಲೇ ಕೈ ಹಾಕುತ್ತಿರಲಿಲ್ಲ. ಚೆನ್ನಾಗಿ ಓಡುವ, ಒಂದಕ್ಕೊಂದು ಹೋಲದ 40–50 ಬಗೆಗಳನ್ನು ಎರಡು ಕಪಾಟಿನಲ್ಲಿ ಇಡುತ್ತಿದ್ದೆ. ಉಳಿದವಕ್ಕೆ ತಟ್ಟೆಯ ಕ್ಯಾಮೆರಾ, ಪಕ್ಕದಲ್ಲೊಂದು ಬಾರ್‌ಕೋಡ್ ಸ್ಕ್ಯಾನರ್. ಗಿರಾಕಿಗೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಆ ಕಂಪನಿಯವರನ್ನು ಇನ್ನೊಮ್ಮೆ ಕರೆಯಿರಿ. ಈ ಸಲ ಸಾಮಾನು ನಿಮ್ಮದು. ಅತಿ ಹೆಚ್ಚು ಹೋಲುವ ಇಪ್ಪತ್ತು ಪ್ಯಾಕೆಟ್ ಆರಿಸಿ. ಮಗನನ್ನೂ ಅವನ ಇಬ್ಬರು ಗೆಳೆಯರನ್ನೂ ಒಟ್ಟಿಗೆ ಒಳಗೆ ಬಿಡಿ, ಒಂದನ್ನು ಕೈಯಲ್ಲಿ ಮುಚ್ಚಿ ತೆಗೆಯಲು ಹೇಳಿ, ಇನ್ನೊಂದನ್ನು ತೆಗೆದು ತಪ್ಪು ಜಾಗಕ್ಕೆ ಇಡಲು ಹೇಳಿ. ಪಟ್ಟಿಯಲ್ಲೇ ಇಲ್ಲದ ಸಾಮಾನೊಂದನ್ನು ಶೆಲ್ಫಿನಲ್ಲಿಟ್ಟು, ತೆಗೆದಾಗ ಯಂತ್ರ ಏನೆನ್ನುತ್ತದೆ ನೋಡಿ. ‘ಗೊತ್ತಿಲ್ಲ’ ಅಂದರೆ ಮಾತುಕತೆ ಮುಂದುವರಿಸಿ. ಬೇರೆ ಯಾವುದೋ ಹೆಸರಿಗೆ ಸದ್ದಿಲ್ಲದೆ ಬಿಲ್ ಹಾಕಿದರೆ ಅವರನ್ನು ಕಳಿಸಿಬಿಡಿ.